ಪತ್ತನಾಜೆಗೆ ಮುಚ್ಚಿಟ್ಟ ರೀಡ್‌ಗಳು

ತುಳುನಾಡಿನಲ್ಲಿ ಸ್ಯಾಕ್ಸೋಫೋನ್ ಊದುವವರ ವರ್ಷಕ್ಕೆ ಎರಡೇ ಭಾಗ. ದೀಪಾವಳಿಯಿಂದ ಪತ್ತನಾಜೆಯವರೆಗೆ ದೈವಗಳ ನೇಮ, ಜಾತ್ರೆ, ಮದುವೆ ಎಂದು ಪುರುಸೊತ್ತೇ ಇರುವುದಿಲ್ಲ. ಬೇಷ ತಿಂಗಳ ಹತ್ತರ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರಕ್ಕೆ, ದೈವದ ಕಾಲಿನ ಗಗ್ಗರ ಒಳಗೆ ಹೋಯಿತೆಂದರೆ ನಮ್ಮ ವಾದ್ಯವೂ ಪೆಟ್ಟಿಗೆ ಸೇರುತ್ತದೆ. ಮಳೆ ಹಿಡಿಯುವುದೂ ಅದರ ಬೆನ್ನಿಗೇ.

ಸ್ಯಾಕ್ಸೋಫೋನಿನಲ್ಲಿ ಬಾಯಿಗಿಡುವ ಕಡ್ಡಿಯೇ ರೀಡ್. ಹತ್ತು ರೀಡ್‌ಗಳ ಡಬ್ಬಿ ಕೊಂಡರೆ ಮನಸ್ಸಿಗೆ ಒಪ್ಪುವಂಥವು ಮೂರೋ ನಾಲ್ಕೋ ಸಿಗುತ್ತವೆ. ಗಮಕಕ್ಕೆ ಬಾಗುವ, ತಾರಸ್ಥಾಯಿಯಲ್ಲಿ ಕೀರಲದ ರೀಡ್ ಸಿಕ್ಕಿತೆಂದರೆ ಅದನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ. ಆ ವರ್ಷ ನನ್ನಲ್ಲಿ ಅಂಥವು ಕೆಲವಿದ್ದವು. ಕೊನೆಯ ನೇಮದಲ್ಲಿ ಬೆಳಗಿನ ಜಾವದವರೆಗೆ ಊದಿ, ಮನೆಗೆ ಬಂದವನೇ ಅವನ್ನು ಒಂದೊಂದಾಗಿ ಪ್ಲಾಸ್ಟಿಕ್ ಕವಚಕ್ಕೆ ತುರುಕಿದೆ. ಮಳೆಗಾಳಿ ಸೋಕಬಾರದೆಂದು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಅಂಚಿಗೆ ಟೇಪು ಸುತ್ತಿ ಕಪಾಟಿನಲ್ಲಿಟ್ಟೆ. ತೊಳೆಯಲಿಲ್ಲ, ಒರೆಸಲೂ ಇಲ್ಲ. ಹೊರಗಿನ ತೇವವನ್ನು ತಡೆಯುತ್ತಿದ್ದೇನೆ ಎಂದುಕೊಂಡು ಬಾಯಿಯ ತೇವವನ್ನು ಒಳಗೇ ಕೂಡಿಹಾಕಿದ್ದೆ.

ಚೌತಿಯ ಕಾರ್ಯಕ್ರಮಕ್ಕೆಂದು ತೆರೆದಾಗ ಚಪ್ಪಟೆ ಬದಿಯಲ್ಲಿ ಕಪ್ಪು ಚುಕ್ಕೆಗಳಿದ್ದವು. ಬ್ಲೇಡಿನಿಂದ ಕೆರೆದೆ, ಬಿಸಿನೀರಿಗೆ ಅದ್ದಿದೆ, ಮಧ್ಯಾಹ್ನದ ಬಿಸಿಲಿಗಿಟ್ಟೆ. ನಾದ ಬಂತು. ಅಲ್ಲಿಗೆ ಸರಿಯಾಯಿತೆಂದು ನಂಬಿದೆ. ಅಷ್ಟು ಮಾತ್ರವಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ಆ ರೀಡ್‌ಗಳಲ್ಲಿ ಒಂದನ್ನು, ಹೊಸದು ಕೊಳ್ಳಲಾಗದ ಒಬ್ಬ ಶಿಷ್ಯನಿಗೆ ಕೊಟ್ಟೆ. ಮಂದ್ರ ಪಂಚಮ ಅವನಿಗೆ ಒಲಿಯಲೇ ಇಲ್ಲ. ಊದಿದರೆ ಬರೀ ಗಾಳಿಯ ಸದ್ದು. "ಉಸಿರಿಗೆ ಕಸುವಿಲ್ಲ, ಹೊಟ್ಟೆಯಿಂದ ಊದು" ಎಂದು ಉಳಿದ ಮಕ್ಕಳ ಎದುರೇ ಗದರಿಸುತ್ತಿದ್ದೆ. ಅವನು ಕೆಮ್ಮಿದರೆ ಅದೂ ಅಭ್ಯಾಸದ ಕೊರತೆಯೆಂದೇ ನನ್ನ ತೀರ್ಪು. ಕೊನೆಗೆ ಅವನ ತಾಯಿ ರೀಡನ್ನು ಕಾಗದದಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟರು. "ಮಾಷ್ಟ್ರೇ, ಇದು ಬೂಸ್ಟಿನ ವಾಸನೆ. ಇದನ್ನು ಮಗು ಬಾಯಿಗೆ ಇಡುವುದಾ?"

ಮೂಸಿ ನೋಡಿದೆ. ಉತ್ತರ ಹೊಳೆಯಲಿಲ್ಲ. ಅಷ್ಟು ವರ್ಷ ಊದಿದವನು ನಾನು, ವಾಸನೆ ಹಿಡಿದವರು ಅವರು.

ಆಮೇಲೆ ರೀಡ್ ಎಂದರೇನೆಂದು ಮೊದಲ ಸಲ ಸರಿಯಾಗಿ ತಿಳಿದುಕೊಂಡೆ. ಅದು ಹುಲ್ಲಿನ ಜಾತಿಯ ಒಂದು ದೊಡ್ಡ ಜೊಂಡು. ಹೆಸರಾಂತ ರೀಡ್‌ಗಳ ಜೊಂಡು ಬೆಳೆಯುವುದು ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತ್ಯದಲ್ಲಿ. ಅದರ ಉದ್ದಕ್ಕೂ ಗಿಡ ನೀರು ಹೀರುತ್ತಿದ್ದ ಸಣ್ಣ ನಾಳಗಳಿರುತ್ತವೆ. ನಾವು ಊದುವಾಗ ಎಂಜಲು, ಅದರ ಜೊತೆ ಸ್ವಲ್ಪ ಮೊದಲು ಕುಡಿದ ಚಹಾದ ಸಕ್ಕರೆ, ಆ ನಾಳಗಳೊಳಗೆ ಇಳಿಯುತ್ತದೆ. ಬೂಸ್ಟಿಗೆ ಇದಕ್ಕಿಂತ ಒಳ್ಳೆಯ ಆಹಾರ ಬೇಡ. ಗಾಳಿಯ ತೇವಾಂಶ ಶೇ. 70 ದಾಟಿದರೆ ಅದು ಬೆಳೆಯುತ್ತದೆ. ಜುಲೈಯಲ್ಲಿ ಮಂಗಳೂರಿನ ಗಾಳಿ ಶೇ. 90ರ ಆಸುಪಾಸಿನಲ್ಲಿರುತ್ತದೆ. ಬ್ಲೇಡು ಕೆರೆಯುವುದು ಮೇಲ್ಮೈಯನ್ನು ಮಾತ್ರ, ಬೂಸ್ಟಿನ ಎಳೆ ಒಳಗೇ ಉಳಿಯುತ್ತದೆ.

ಶ್ವಾಸಕೋಶದ ವಿಷಯ ಓದಿದ ಮೇಲಂತೂ ನಿದ್ದೆ ಬರಲಿಲ್ಲ. ವಾದ್ಯದಲ್ಲಿ ಬೆಳೆದ ಬೂಸ್ಟಿನಿಂದ ಸ್ಯಾಕ್ಸೋಫೋನ್ ವಾದಕರೊಬ್ಬರಿಗೆ ಶ್ವಾಸಕೋಶದ ಉರಿಯೂತವಾದದ್ದು 2010ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. 2016ರಲ್ಲಿ 'ಥೊರಾಕ್ಸ್' ಪತ್ರಿಕೆ ಮ್ಯಾಂಚೆಸ್ಟರಿನ ವೈದ್ಯರ ವರದಿ ಪ್ರಕಟಿಸಿತು: ದಿನಾ ಬ್ಯಾಗ್‌ಪೈಪ್ ಊದುತ್ತಿದ್ದ 61 ವರ್ಷದ ವ್ಯಕ್ತಿ ಉಸಿರಾಟದ ಕಾಯಿಲೆಯಿಂದ ತೀರಿಕೊಂಡರು. ವಾದ್ಯವನ್ನು ಮನೆಯಲ್ಲೇ ಬಿಟ್ಟು ಆಸ್ಟ್ರೇಲಿಯಾದಲ್ಲಿದ್ದ ಮೂರು ತಿಂಗಳು ಮಾತ್ರ ಅವರು ಚೇತರಿಸಿಕೊಂಡಿದ್ದರು. ವಾದ್ಯದ ಚೀಲದಲ್ಲೂ ರೀಡ್ ಇರುವ ಕಡೆಯಲ್ಲೂ ಬೂಸ್ಟು ಸಿಕ್ಕಿತು. ಇಂಥದ್ದು ಅಪರೂಪ ಎಂಬುದು ನಿಜ. ಆದರೆ ನಾನು ಕೆಮ್ಮುವ ಹುಡುಗನಿಗೆ ಇನ್ನೂ ಜೋರಾಗಿ ಎಳೆದು ಊದು ಎಂದಿದ್ದೆ.

ನನ್ನ ದೊಡ್ಡಪ್ಪ ನಾಗಸ್ವರದವರು. ಅವರ ವಾದ್ಯದ ಬಾಯಿಯ ಬಳಿ ಹೆಚ್ಚಿನ ಸೀವಾಳಿಗಳು, ಅಂದರೆ ನಾಗಸ್ವರದ ರೀಡ್‌ಗಳು, ದಾರದಲ್ಲಿ ಜೋತಾಡುತ್ತಿದ್ದವು. ಚಿಕ್ಕಂದಿನಲ್ಲಿ ಅದನ್ನು ಅಲಂಕಾರ ಅಂದುಕೊಂಡಿದ್ದೆ. ಬೇಕೆಂದಾಗ ಕೈಗೆ ಸಿಗಲೆಂದು ಕಟ್ಟಿದ ಆ ದಾರ ಸೀವಾಳಿಯನ್ನು ಗಾಳಿಯಲ್ಲಿ ಆರಿಸುತ್ತಲೂ ಇತ್ತು. ನಮ್ಮ ಕರಾವಳಿಯ ಸ್ಯಾಕ್ಸೋಫೋನ್ ಪರಂಪರೆ ಹುಟ್ಟಿದ್ದೇ ನಾಗಸ್ವರದ ಮಡಿಲಲ್ಲಿ. ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥರ ತಂದೆ ನಾಗಸ್ವರ ವಾದಕರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮಗ ಅತ್ತ ಹೊರಳಿದರು. ಅವರ ದಾರಿಯಲ್ಲಿ ನಡೆದ ನಾವು ರಾಗ, ಗಮಕ, ಪಲ್ಲವಿ ಎಲ್ಲವನ್ನೂ ಹೊಸ ವಾದ್ಯಕ್ಕೆ ತಂದುಕೊಂಡೆವು. ಬಾಯಿಗಿಡುವ ಕಡ್ಡಿಯನ್ನು ನೋಡಿಕೊಳ್ಳುವ ಕ್ರಮವನ್ನು ದೊಡ್ಡಪ್ಪನಲ್ಲಿ ನಾನು ಕೇಳಲೇ ಇಲ್ಲ.

ಈಗ ಊದುವ ಮೊದಲು ಬಾಯಿ ಮುಕ್ಕಳಿಸುತ್ತೇನೆ, ಮಕ್ಕಳಿಗೂ ಮುಕ್ಕಳಿಸಲು ಹೇಳುತ್ತೇನೆ. ಮುಗಿದ ಕೂಡಲೇ ರೀಡ್ ಕಳಚಿ ತಣ್ಣೀರಿನಲ್ಲಿ ತೊಳೆದು, ಬುಡದಿಂದ ತುದಿಯ ಕಡೆಗೆ ಹೆಬ್ಬೆರಳಲ್ಲಿ ಸವರಿ ನೀರು ತೆಗೆಯಬೇಕು. ತುದಿ ಕೂದಲಿನಷ್ಟು ತೆಳು, ಎದುರು ದಿಕ್ಕಿಗೆ ಸವರಿದರೆ ಸೀಳುತ್ತದೆ. ಬಳಿಕ ಗಾಳಿಯಾಡುವ ರೀಡ್ ಹೋಲ್ಡರಿನಲ್ಲಿ ಪೂರ್ತಿ ಆರಬೇಕು. ಒಂದೇ ರೀಡನ್ನು ದಿನಾ ದುಡಿಸದೆ ನಾಲ್ಕನ್ನು ಸರದಿಯಲ್ಲಿ ಬಳಸಿದರೆ ಆರಲು ಸಮಯ ಸಿಗುತ್ತದೆ. ಮೌತ್‌ಪೀಸನ್ನೂ ತೊಳೆಯಬೇಕು, ಬಿಸಿನೀರು ಮಾತ್ರ ಬೇಡ, ಅದರ ಎಬೊನೈಟ್ (ಗಟ್ಟಿ ರಬ್ಬರು) ಬಣ್ಣಗೆಡುತ್ತದೆ. ತೊಗಟೆಯ ಮೇಲಿನ ಕಂದು ಮಚ್ಚೆಗಳು ಜೊಂಡಿಗೆ ಹುಟ್ಟಿನಿಂದ ಬಂದವು, ಹೆದರಬೇಕಿಲ್ಲ. ಕೆತ್ತಿದ ಭಾಗದಲ್ಲೋ ಚಪ್ಪಟೆ ಬದಿಯಲ್ಲೋ ಕಪ್ಪು, ಹಸಿರು, ಬೂದು ಕಂಡರೆ ಆ ರೀಡಿನ ಆಯುಸ್ಸು ಮುಗಿಯಿತು.

ಮಳೆಗಾಲವಿಡೀ ಪೆಟ್ಟಿಗೆ ಮುಚ್ಚಿಡುವುದನ್ನು ಬಿಟ್ಟಿದ್ದೇನೆ. ಕಾರ್ಯಕ್ರಮವಿಲ್ಲದಿದ್ದರೂ ಮಳೆ ಸುರಿಯುವ ಆಟಿ ತಿಂಗಳಲ್ಲೂ ತೆರೆದು ನೋಡುತ್ತೇನೆ. ಆ ಹುಡುಗನಿಗೆ ಹೊಸ ಡಬ್ಬಿ ಕೊಟ್ಟು, ಗದರಿಸಿದ್ದು ನನ್ನ ತಪ್ಪೆಂದು ಅದೇ ಮಕ್ಕಳ ಎದುರು ಹೇಳಿದೆ. ಶಿಷ್ಯರಿಗೆ ಹಳೆಯ ರೀಡ್ ಕೊಡುವುದಿಲ್ಲ, ಎಷ್ಟೇ ಚೆನ್ನಾಗಿ ನುಡಿದರೂ ಸರಿ. ಬೂಸ್ಟು ಕಂಡದ್ದನ್ನು ಎರಡು ತುಂಡು ಮಾಡಿಯೇ ಎಸೆಯುತ್ತೇನೆ. ಇಡಿಯಾಗಿ ಬಿಸಾಡಿದರೆ ಮಕ್ಕಳು ಹೆಕ್ಕಿ ಊದಿ ನೋಡುವುದುಂಟು.