ಮುನ್ಷಿಯ ಸಂಬಳ

ನಿವೃತ್ತಿಯಾದ ಮರುವರ್ಷ ನನಗೊಂದು ಹಳೆಯ ಕಾಲದ ಕೆಲಸ ಸಿಕ್ಕಿತು. ಮಂಗಳೂರಿನ ಒಂದು ದೇವಶಾಸ್ತ್ರದ ಕಾಲೇಜಿಗೆ ಹೀಬ್ರೂ ಕಲಿಸಲು ಜರ್ಮನಿಯಿಂದ ಒಬ್ಬ ಟೀಚರು ಬಂದಿದ್ದಳು, ಎರಡು ವರ್ಷದ ಮಟ್ಟಿಗೆ. ಕ್ಲಾಸಿಗೆ ಇಂಗ್ಲಿಷ್ ಸಾಕು. ಆದರೆ ಆದಿತ್ಯವಾರ ದೇವಾಲಯದಲ್ಲಿ, ಮೀನು ಮಾರ್ಕೆಟಿನಲ್ಲಿ, ಸಿಟಿ ಬಸ್ಸಿನಲ್ಲಿ ಕನ್ನಡ ಬೇಕಲ್ಲ. "ಟೀಚರ್, ನೀವು ಈಗ ಮನೆಯಲ್ಲೇ ಇದ್ದೀರಿ, ಸ್ವಲ್ಪ ಹೇಳಿಕೊಡಿ" ಎಂದು ಪರಿಚಯದ ಪಾದ್ರಿ ಅಯ್ಯನವರು ಫೋನು ಮಾಡಿದರು. ಒಪ್ಪಿಕೊಂಡೆ. ಸುದ್ದಿ ಕೇಳಿದ ಹಳೆಯ ಸಹೋದ್ಯೋಗಿಯೊಬ್ಬರು, "ಹಾಗಾದರೆ ನೀವೀಗ ಮುನ್ಷಿ!" ಎಂದು ನಕ್ಕರು. ಹಿಂದೆ ಪರದೇಶದವರಿಗೆ ಇಲ್ಲಿನ ಭಾಷೆ ಹೇಳಿಕೊಡುತ್ತಿದ್ದವರ ಹೆಸರು ಅದು. ಗಂಡಸಾಗಿದ್ದರೆ ತಲೆಗೊಂದು ಮುಂಡಾಸು ಸುತ್ತಿಕೊಳ್ಳಬಹುದಿತ್ತು.

ವಾರಕ್ಕೆ ನಾಲ್ಕು ದಿನ, ಸಂಜೆ ನಾಲ್ಕಕ್ಕೆ, ನಮ್ಮ ಮನೆಯ ಜಗಲಿಯಲ್ಲಿ ಪಾಠ. ಅವಳಿಗೆ ಮೂವತ್ತೆರಡೋ ಮೂವತ್ತಮೂರೋ. ನನ್ನ ಅಮ್ಮನಿಗೆ ಎಂಬತ್ತರ ಮೇಲೆ. ಹಾಗಾಗಿ ಅಮ್ಮನ ಲೆಕ್ಕದಲ್ಲಿ ಅವಳು 'ಜರ್ಮನ್ ಬಾಲೆ', ಅಂದರೆ ತುಳುವಿನಲ್ಲಿ ಜರ್ಮನ್ ಮಗು. ಮಗು ಗೇಟು ತೆರೆಯುವಾಗಲೇ ಒಳಗೆ ಗೋಳಿಬಜೆಗೆ ಎಣ್ಣೆ ಕಾಯುತ್ತಿತ್ತು.

ಅವಳಿಗಿಂತ ಬಹಳ ಹಿಂದೆ ಆ ಕಡೆಯಿಂದಲೇ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರ ಬಗ್ಗೆ ನಾವು ಎರಡು ನಾಲಿಗೆಯಲ್ಲಿ ಮಾತಾಡುತ್ತೇವೆ. ಸಾಹಿತ್ಯ ಸಭೆಯ ವೇದಿಕೆಯಲ್ಲಿ ಅವರು ಕನ್ನಡಾಂಬೆಯ ಸೇವಕರು, ವೇದಿಕೆ ಇಳಿದ ಮೇಲೆ ಜಾತಿ ಕೆಡಿಸಲು ಬಂದವರು. ಅವರು ಬಂದದ್ದು ಮತಪ್ರಚಾರಕ್ಕೇ, ಅದನ್ನವರು ಮುಚ್ಚಿಟ್ಟವರೂ ಅಲ್ಲ. ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪನಿ ಸರಕಾರದ ಬಾಗಿಲು ತೆರೆದದ್ದು 1833ರಲ್ಲಿ. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಕಲಿಸಲು ಬಂದವರು ಮೊದಲು ಕೂತದ್ದು ಕಲಿಯಲು. ಪ್ರಸಂಗ ಮಾಡುವುದು ಆಮೇಲಿನ ಮಾತು, ಅದಕ್ಕೆ ಮೊದಲು ಯಾರೋ ಒಬ್ಬ ಮುನ್ಷಿಯ ಮುಂದೆ ಕಾಗುಣಿತ ಒಪ್ಪಿಸಬೇಕು. ಆ ಮುನ್ಷಿಗಳಲ್ಲಿ ಹೆಚ್ಚಿನವರು ತಮ್ಮ ಶಿಷ್ಯರ ಮತಕ್ಕೆ ಸೇರಿದವರಲ್ಲ. ಸಂಬಳ ತೆಗೆದುಕೊಂಡು, ಮನೆಗೆ ಹೋಗಿ, ಪ್ರಾಯಶಃ ಮಿಂದು, ಊಟಕ್ಕೆ ಕೂತಿರಬೇಕು.

ಅದೇ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಬಂದದ್ದು 1836ರಲ್ಲಿ. 1843ರ ಜುಲೈ 1ಕ್ಕೆ 'ಮಂಗಳೂರ ಸಮಾಚಾರ' ಹೊರಟಿತು, ಕಲ್ಲಚ್ಚಿನಲ್ಲಿ. ಕನ್ನಡದ ಮೊದಲ ಪತ್ರಿಕೆ. ಏಳು ವರ್ಷದಲ್ಲಿ ಆ ಮನುಷ್ಯ ಇನ್ನೊಬ್ಬರ ಭಾಷೆಯಲ್ಲಿ ಪತ್ರಿಕೆ ಹೊರಡಿಸಿದ. ಏಳು ವರ್ಷ ನನ್ನ ಕೈಕೆಳಗೆ ಕನ್ನಡ ಓದಿದವರಿಗೆ ಒಂದು ರಜಾ ಅರ್ಜಿ ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ. ಇದನ್ನು ಹೇಳಿದಾಗ ಅವಳಿಗೆ ಖುಷಿಯಾಯಿತು. ಮೋಗ್ಲಿಂಗ್ ಅವಳ ಸೀಮೆಯವನೇ, ವ್ಯೂರ್ಟೆಂಬೆರ್ಗಿನವನು. "ನಮ್ಮ ಕಡೆಯ ಜರ್ಮನ್ ಕೇಳಿದರೆ ಉತ್ತರದವರು ನಗುತ್ತಾರೆ" ಎಂದಳು. ನಮ್ಮ ಕನ್ನಡ ಕೇಳಿದರೆ ಬೆಂಗಳೂರಿನವರು ನಗುತ್ತಾರೆ, ಯಕ್ಷಗಾನದ ಮೇಳದಿಂದ ಇಳಿದು ಬಂದಿರಾ ಎಂದು ಕೇಳುತ್ತಾರೆ ಅಂದೆ. ಆವತ್ತು ಪಾಠ ಅಲ್ಲಿಗೇ ನಿಂತಿತು.

ನಗುವವರದ್ದು ತಪ್ಪಿಲ್ಲ. ನಮ್ಮ ಮನೆಮಾತು ತುಳು. ಕನ್ನಡ ನಾನು ಕಲಿತದ್ದು ಒಂದನೇ ಕ್ಲಾಸಿನಲ್ಲಿ, ಪುಸ್ತಕದಿಂದ, ಬೆರಳ ಗಂಟಿನ ಮೇಲೆ ಪೆಟ್ಟು ತಿಂದು. ಕನ್ನಡಕ್ಕೆ ನಾನೂ ನೆಂಟಳೇ, ಅವಳಿಗಿಂತ ಅರವತ್ತು ವರ್ಷ ಮೊದಲು ಬಂದೆ ಅಷ್ಟೆ. ಇದನ್ನು ಅವಳಿಗೆ ಹೇಳಲು ಎರಡು ತಿಂಗಳು ಹಿಡಿಯಿತು. ಮುನ್ಷಿಗೂ ಮರ್ಯಾದೆ ಅಂತ ಒಂದು ಉಂಟಲ್ಲ.

ಮೇಜಿನ ಮೇಲೆ ಕಿಟ್ಟೆಲ್ ಕೋಶ ಇರುತ್ತಿತ್ತು, ಒಂದೇ ಸಂಪುಟದ ಮರುಮುದ್ರಣ, 1,700ಕ್ಕೂ ಹೆಚ್ಚು ಪುಟ. ಅವಳು ಅದನ್ನು ಮಡಿಲಿಗೆ ಎತ್ತಿಕೊಂಡು, "ಟೀಚರ್, ಇದರಲ್ಲಿ ನಿಮಗೆ ಎಷ್ಟು ಶಬ್ದ ಗೊತ್ತುಂಟು?" ಎಂದು ಕೇಳಿದಳು. ಸುಮಾರು 70,000 ಶಬ್ದಗಳು. ನಾನು ತೆಂಗಿನ ಮರ ನೋಡಿದೆ. ಫರ್ಡಿನೆಂಡ್ ಕಿಟ್ಟೆಲ್ ಇಲ್ಲಿಗೆ ಬಂದದ್ದು 1853ರಲ್ಲಿ, ಕೋಶ ಅಚ್ಚಾದದ್ದು 1894ರಲ್ಲಿ. ಒಂದೊಂದು ಶಬ್ದಕ್ಕೂ ತಮಿಳು, ತೆಲುಗು, ಮಲೆಯಾಳ, ತುಳುವಿನ ನೆಂಟರಿಷ್ಟರನ್ನು ಹುಡುಕಿ ಕೂರಿಸುತ್ತಾನೆ, ಗಾದೆಯಿದ್ದರೆ ಗಾದೆ. ಆ ಗಾದೆಗಳೇನು ಬಾಸೆಲಿನಿಂದ ಪೆಟ್ಟಿಗೆಯಲ್ಲಿ ಬಂದವಲ್ಲ. ಯಾರೋ ಹೇಳಿರಬೇಕು, ಇವನು ಬರೆದುಕೊಂಡಿರಬೇಕು. ಬರೆದುಕೊಂಡವನ ಪ್ರತಿಮೆ ಬೆಂಗಳೂರಿನಲ್ಲಿದೆ. ಹೇಳಿದವರು ಎಲ್ಲಿ ಎಂಬುದು ನನ್ನ ಹಳೆಯ ತಕರಾರು. ಅದನ್ನು ಎರಡು ಸೆಮಿನಾರುಗಳಲ್ಲಿ ಮಂಡಿಸಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ.

ಜೂನ್ ಬಂತು. ಮಂಗಳೂರಿನ ಮಳೆಗೆ ಹೊಸಬರು ಹೆದರುವುದು ಗುಡುಗಿಗಲ್ಲ, ಬೂಸ್ಟಿಗೆ. ಅವಳ ಚರ್ಮದ ಬೂಟಿನ ಮೇಲೆ ಒಂದೇ ವಾರದಲ್ಲಿ ಹಸಿರು ಮಿಶ್ರಿತ ಬಿಳಿ ಹತ್ತಿ ಬೆಳೆಯಿತು. ಹೀಬ್ರೂ ಬೈಬಲಿನ ರಟ್ಟು ಹಪ್ಪಳದ ಹಾಗೆ ಸೊಟ್ಟಗಾಯಿತು. ಬಟ್ಟೆ ಒಣಗದೆ ಫ್ಯಾನಿನ ಕೆಳಗೆ ಹಗ್ಗ ಕಟ್ಟಿದಳು. ಒಂದು ದಿನ ಪಾಠದ ನಡುವೆ ಅವಳ ನೋಟ್‌ಬುಕ್ಕಿನ ಮೇಲೆಯೇ ಟಪ್ಪೆಂದು ನೀರು ಬಿತ್ತು, ಹಂಚು ಜಾರಿತ್ತು. ಏಣಿ ಇಟ್ಟು ಅದನ್ನು ಇಳಿಸಿ ಪಾಚಿ ಉಜ್ಜಿದರೆ ಕೆಳಗೆ ಉಬ್ಬಕ್ಷರ: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. "ನಮ್ಮವರು ಮಾಡಿದ್ದು ಸೋರುತ್ತದೆ" ಎಂದು ಅವಳು ನಾಚಿಕೊಂಡಳು. ಹಂಚಿನ ತಪ್ಪಲ್ಲ, ಮೇಲಿನಿಂದ ತೆಂಗಿನ ಮಡಲು ಬಿದ್ದದ್ದು.

ಬಸ್ಸಿನಲ್ಲಿ ಹೆಂಗಸರೆಲ್ಲ ಕೇಳುವ ಮೊದಲ ಪ್ರಶ್ನೆಗೆ ಅವಳು ಬೇಸತ್ತಿದ್ದಳು: "ಮದುವೆ ಆಗಿದೆಯಾ?" ಹಿಂದಿನವರ ಪಾಡು ಇದಕ್ಕಿಂತ ಕಷ್ಟ ಎಂದು ಸಮಾಧಾನ ಹೇಳಿದೆ. ಆಗ ಇದನ್ನು ಕೇಳುತ್ತಿದ್ದದ್ದು ಬಾಸೆಲಿನ ಕಮಿಟಿ. ಮಿಶನರಿ ಬಂದ ಕೂಡಲೇ ಮದುವೆಯಾಗುವಂತಿರಲಿಲ್ಲ, ವರ್ಷಗಟ್ಟಲೆ ಕಾದು ಅರ್ಜಿ ಹಾಕಬೇಕು. ಕಮಿಟಿ ಒಪ್ಪಿದರೆ ಅಲ್ಲಿಂದ ವಧು ಹಡಗು ಹತ್ತುತ್ತಿದ್ದಳು, ಎಷ್ಟೋ ಸಲ ಗಂಡಿನ ಮುಖವನ್ನೇ ನೋಡದೆ. ನಮ್ಮ ಅಜ್ಜಿಯಂದಿರ ಮದುವೆಗೂ ಇದಕ್ಕೂ ವ್ಯತ್ಯಾಸ ನೀರಿನ ಅಗಲದ್ದು ಮಾತ್ರ. ಹುಟ್ಟಿದ ಮಕ್ಕಳನ್ನು ಆರೇಳು ವರ್ಷಕ್ಕೆ ಓದಿಗೆಂದು ಯುರೋಪಿಗೆ ಕಳಿಸಬೇಕು, ಮತ್ತೆ ನೋಡುವುದು ಯಾವಾಗಲೋ. ಇದನ್ನು ಕೇಳಿ ಅವಳು ಏನೂ ಹೇಳಲಿಲ್ಲ. ಪ್ರತಿ ರಾತ್ರಿ ವಿಡಿಯೋ ಕಾಲಿನಲ್ಲಿ ತಾಯಿಯ ಮುಖ ನೋಡುವವಳು.

ಅವಳಿಗೆ ಕೊನೆಯವರೆಗೂ ಕೈಕೊಟ್ಟದ್ದು ಒಂದೇ ಅಕ್ಷರ, ಳ. ನಾಲಿಗೆ ಮಡಚು ಮಡಚು ಎಂದು ನಾನು, ಮಡಚಿದ್ದೇನೆ ಎಂದು ಅವಳು. ಡಿಸೆಂಬರಿನ ಒಂದು ಆದಿತ್ಯವಾರ ದೇವಾಲಯದಲ್ಲಿ ಐದು ನಿಮಿಷ ಕನ್ನಡದಲ್ಲಿ ಮಾತಾಡುವ ಧೈರ್ಯ ಮಾಡಿದಳು. ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. "ಯೇಸುಸ್ವಾಮಿ ಹಲ್ಲಿಯಿಂದ ಹಲ್ಲಿಗೆ ಹೋಗಿ ಬೋಧಿಸಿದರು" ಎಂದಳು. ಮುಂದಿನ ಸಾಲಿನ ಮಕ್ಕಳ ಭುಜ ಅಲುಗಿದವು. ಹಿರಿಯರೊಬ್ಬರು ಕೆಮ್ಮಿದರು. ನಾನು ಪರೀಕ್ಷೆಯಲ್ಲಿ ಫೇಲಾದವಳ ಹಾಗೆ ನೆಲ ನೋಡಿದೆ. ಮನೆಗೆ ಬಂದು ಅಮ್ಮನಿಗೆ ಹೇಳಿದರೆ, "ಎಂತ ತಪ್ಪು? ಹಲ್ಲಿಗೂ ಯಾರಾದರೂ ಹೇಳಬೇಡವಾ? ಸತ್ಯಕ್ಕೆ ಲೊಚಗುಟ್ಟುವುದು ಅದೇ ಅಲ್ಲವಾ" ಎಂದರು.

ಎರಡನೆಯ ವರ್ಷ ಬೇಗ ಹೋಯಿತು. ವೀಸಾದ ಕಾಗದಕ್ಕಾಗಿ ಒಂದು ಕಚೇರಿಗೆ ಐದು ಸಲ ಅಲೆದಳು, ಐದೂ ಸಲ ಬೇರೆ ಬೇರೆ ಫೋಟೋ ಕೇಳಿದರು. ಕುಚ್ಚಲಕ್ಕಿ ಗಂಜಿಗೆ ಚಟ್ನಿ ಸಾಕು ಎನ್ನುವಷ್ಟು ಪಳಗಿದಳು.

ಹೊರಡುವ ಮುನ್ನಾದಿನ ಬಂದಳು. ನನಗೊಂದು ಪೆನ್ನು ಕೊಟ್ಟು, "ಹಳ್ಳಿ, ಬೆಳ್ಳಿ, ಬಳ್ಳಿ" ಎಂದು ಮೂರನ್ನೂ ಸರಿಯಾಗಿ ಹೇಳಿದಳು. ನನ್ನ ಎದೆ ಉಬ್ಬಿತು. ಆಮೇಲೆ ಅಡುಗೆಮನೆಗೆ ಹೋಗಿ ಅಮ್ಮನ ಕಾಲು ಮುಟ್ಟಿ, "ಅಪ್ಪೇ, ಯಾನ್ ಪೋದು ಬರ್ಪೆ" ಎಂದಳು. ಅಮ್ಮ ಏನೋ ಕೇಳಿದರು, ಅವಳು ಉತ್ತರ ಕೊಟ್ಟಳು, ಅಮ್ಮ ಗದರಿದರು, ಅವಳು ನಕ್ಕಳು. ಎಲ್ಲ ತುಳುವಿನಲ್ಲಿ. ನಾನು ಬಾಗಿಲ ಹೊಸ್ತಿಲಲ್ಲಿ ನಿಂತೇ ಇದ್ದೆ. ನಾನು ಅವಳಿಗೆ ಒಂದು ಅಕ್ಷರ ತುಳು ಹೇಳಿಕೊಟ್ಟವಳಲ್ಲ. ಮಿಶನ್ನಿನವನೇ ಆದ ಮ್ಯಾನರನ ತುಳು ಕೋಶ ಕಿಟ್ಟೆಲನದ್ದಕ್ಕಿಂತ ಎಂಟು ವರ್ಷ ಮೊದಲೇ, 1886ರಲ್ಲಿ ಬಂತು ಎಂದು ಒಮ್ಮೆ ಭಾಷಣ ಮಾಡಿದ್ದು ಬಿಟ್ಟರೆ.

ಅವಳು ಹೋದ ಮೇಲೆ ಕೇಳಿದೆ: "ಅಮ್ಮ, ಅವಳಿಗೆ ತುಳು ಯಾವಾಗ ಕಲಿಸಿದ್ದು?"

"ಕಲಿಸುವುದೆಂತ? ನಿನ್ನ ಪಾಠ ಮುಗಿದ ಮೇಲೆ ಕಾಯಿ ತುರಿಯಲು ಕೂತುಕೊಳ್ಳುತ್ತಿದ್ದಳು. ಮಾತಾಡಿದ್ದು." ಅಮ್ಮ ಬಾಣಲೆ ಎತ್ತಿಟ್ಟರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ನಿನಗೆ ಅವರು ತಿಂಗಳಿಗೆ ಎಷ್ಟು ಕೊಡುತ್ತಿದ್ದದ್ದು?"