ಚೀಟಿಯ ಉಳಿತಾಯ, ಚೀಲದ ಉಳಿತಾಯ

ಹಬ್ಬಕ್ಕೆ ಮನೆಗೆ ಹೊಸತು ಬರಬೇಕೆಂಬುದು ಈ ನಾಡಿನ ಹಳೆಯ ವಾಡಿಕೆ. ದೀಪಾವಳಿ ಸಮೀಪಿಸಿತೆಂದರೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿಯೂ ಕೊಪ್ಪಿಕರ ರಸ್ತೆಯಲ್ಲಿಯೂ ಕಾಲಿಡಲು ತೆರಪಿರುವುದಿಲ್ಲ. ಅಂಗಡಿಯ ಮುಂದೆ ರಿಯಾಯಿತಿಯ ಫಲಕ ತೂಗಿದಷ್ಟೂ ಜನರ ದಟ್ಟಣೆ ಹೆಚ್ಚುತ್ತದೆ. ಆ ನೂಕುನುಗ್ಗಲಿನಲ್ಲಿ ಬೆವರಿ, ಬಳಲಿ ತಂದ ಉಳಿತಾಯವು ಪಟ್ಟ ಶ್ರಮಕ್ಕೆ ತಕ್ಕದ್ದೇ? ಕುಂದಗೋಳದ ಒಂದು ಮನೆಯಲ್ಲಿ 2024ರ ದೀಪಾವಳಿಯ ಸಮಯದಲ್ಲಿ ಈ ಪ್ರಶ್ನೆ ಎದ್ದಿತು.

ಆ ಮನೆಯ ಸೊಸೆ ಹೊಲಿಗೆಯ ಕಾಯಕದವಳು. ಎಂಟು ತಿಂಗಳು ಕೂಡಿಟ್ಟ 4,500 ರೂಪಾಯಿ ಅವಳ ಕೈಚೀಲದಲ್ಲಿತ್ತು. ಅತ್ತೆಗೊಂದು ಸೀರೆ, ಮಗಳಿಗೆ ಲಂಗ-ರವಿಕೆ, ಗಂಡನಿಗೆ ಅಂಗಿ-ಪ್ಯಾಂಟಿನ ಬಟ್ಟೆ. ಊರಿನ ಅಂಗಡಿಯಲ್ಲಿ ವಿಚಾರಿಸಿದಾಗ ಇವಿಷ್ಟಕ್ಕೆ 3,200 ರೂಪಾಯಿ ಎಂದಿದ್ದರು. ಉಳಿಯುವ 1,300 ರೂಪಾಯಿ ಅತ್ತೆಯ ಕನ್ನಡಕಕ್ಕೆ ಮೀಸಲು. ಹಳೆಯದು ಒಡೆದು ಎರಡು ತಿಂಗಳಾಗಿತ್ತು. ಮುದುಕಿ ಅಕ್ಕಿಯಲ್ಲಿನ ಕಲ್ಲನ್ನು ಬೆರಳಿನಿಂದ ತಡವಿ ಆರಿಸುತ್ತಿದ್ದಳು.

ಹುಬ್ಬಳ್ಳಿಯಲ್ಲಿ ಅಗ್ಗವೆಂದು ಯಾರೋ ಹೇಳಿದರು. 2023ರ ಜೂನ್ ತಿಂಗಳಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚಿಲ್ಲ. ಹೋಗಿ ಬರಲು ದುಡ್ಡೇ ಬೇಡವೆಂದ ಮೇಲೆ ಹೋಗದಿರುವುದೇಕೆ? ಹಬ್ಬಕ್ಕೆ ಮೂರು ದಿನ ಮೊದಲು, ಎಂಟು ವರ್ಷದ ಮಗಳನ್ನು ಕರೆದುಕೊಂಡು ಅವಳು ಬಸ್ಸು ಹತ್ತಿದಳು.

ಆ ಮಳಿಗೆಯ ಮೆಟ್ಟಿಲುಗಳ ಮೇಲೆ ಹತ್ತುವವರೂ ಇಳಿಯುವವರೂ ಒಂದೇ ಕಡೆ ಸಿಲುಕಿದ್ದರು. ಹಿಂದಿನಿಂದ ಒತ್ತಡ ಬಂದ ಒಂದು ಗಳಿಗೆಯಲ್ಲಿ ಮಗಳ ಕೈ ಜಾರಿತು. ತಾಯಿ ಕೂಗಿದಳು, ಆ ಗದ್ದಲದಲ್ಲಿ ಕೂಗು ಯಾರಿಗೂ ಕೇಳಲಿಲ್ಲ. ಹತ್ತು ನಿಮಿಷಗಳ ಬಳಿಕ ಕೆಲಸದ ಹುಡುಗಿಯೊಬ್ಬಳು ಅಳುತ್ತಿದ್ದ ಕೂಸನ್ನು ಎತ್ತಿ ತಂದು, "ಅಕ್ಕಾರ, ಕೈ ಬಿಡಬ್ಯಾಡ್ರಿ" ಎಂದು ಒಪ್ಪಿಸಿ ಮತ್ತೆ ತನ್ನ ಗಿರಾಕಿಗಳತ್ತ ಓಡಿದಳು.

ಆ ಹತ್ತು ನಿಮಿಷಗಳಿಗೆ ಬೆಲೆ ಕಟ್ಟುವವರಾರು? ಕೈ ಜಾರಿದ್ದು ಮಗುವಿನ ಭಾಗ್ಯದಿಂದ ಅಷ್ಟಕ್ಕೇ ಮುಗಿಯಿತು. ಎಲ್ಲೆಡೆಯೂ ಹಾಗೆ ಮುಗಿದಿಲ್ಲ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನದ ಶುಕ್ರವಾರ ದೊಡ್ಡ ರಿಯಾಯಿತಿ ಮಾರಾಟದ ದಿನ. 2008ರ ನವೆಂಬರ್ 28ರಂದು, ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡಿನಲ್ಲಿ ರಾತ್ರಿಯಿಂದಲೇ ಕಾದು ನಿಂತ ಜನರು ಮಳಿಗೆಯೊಂದರ ಬಾಗಿಲು ಮುರಿದು ನುಗ್ಗಿದರು. ಆ ತುಳಿತಕ್ಕೆ ಸಿಲುಕಿ 34 ವರ್ಷದ ಕೆಲಸಗಾರನೊಬ್ಬ ಅಸುನೀಗಿದ. ಯಾರನ್ನೂ ಕೊಲ್ಲಬೇಕೆಂದು ಅಲ್ಲಿಗೆ ಯಾರೂ ಬಂದಿರಲಿಲ್ಲ. ಹಿಂದೆ ನಿಂತವನಿಗೆ ಮುಂದೆ ಬಿದ್ದವನು ಕಾಣುವುದಿಲ್ಲ. ಎಲ್ಲರೂ ಒಂದೊಂದು ಹೆಜ್ಜೆ ಮುಂದಿಟ್ಟರೆ ಸಾಕು, ಅನಾಹುತವಾಗುತ್ತದೆ.

ಕುಂದಗೋಳದ ಸೊಸೆ ಸೀರೆ, ಲಂಗ, ಬಟ್ಟೆ ಮೂರನ್ನೂ ಕೊಂಡಳು. ಒಟ್ಟು 2,470 ರೂಪಾಯಿ. ಅಲ್ಲಿಗೇ ಹಿಂದಿರುಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ 4,000 ರೂಪಾಯಿ ಮೀರಿದರೆ ಹೊದಿಕೆಯೊಂದು ಉಚಿತವೆಂದರು. ಉಚಿತವಾದುದನ್ನು ಪಡೆಯಲು 1,580 ರೂಪಾಯಿಯ ಇನ್ನೊಂದು ಸೀರೆ ಸೇರಿತು. ಆಟೋ, ಚಹಾ, ಮಗಳ ತಿಂಡಿಗೆ 150 ರೂಪಾಯಿ ಹೋಯಿತು. ಚೀಲದಲ್ಲಿ ಉಳಿದದ್ದು 300.

ರಾತ್ರಿ ಅತ್ತೆ ಕೇಳಿದಳು: "ಚೀಟ್ಯಾಗ ಏನ್ ಬರದಾರ ಓದವಾ, ನನಗ ಕಾಣವಲ್ದು."

"ನೀವು ಉಳಿಸಿದ್ದು ನಾಕ ಸಾವಿರದ ನಾನೂರಾ ಹತ್ತ ರೂಪಾಯಿ ಅಂತ ಐತ್ರಿ, ಅತ್ತಿ."

"ಹಂಗಾರ ಆ ರೊಕ್ಕ ಎಲ್ಲೈತಿ? ಕೊಡು, ನಾಳೆ ಚಾಳೀಸು ಮಾಡಿಸ್ಕೊಂಡ ಬರ್ತೀನಿ."

ಸೊಸೆಗೆ ಉತ್ತರ ಹೊಳೆಯಲಿಲ್ಲ. ಮುದುಕಿಯ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಉಳಿದ ಹಣ ಎಲ್ಲಿಯೋ ಇರಲೇಬೇಕೆಂಬ ಸರಳ ನಂಬಿಕೆಯಿತ್ತು.

ಅಂಗಡಿಯ ಚೀಟಿಯು ಉಳಿತಾಯವನ್ನು ಅಳೆಯುವುದು ಪಟ್ಟಿಯಲ್ಲಿ ಮುದ್ರಿಸಿದ ಬೆಲೆಯಿಂದ. ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆಯು ಕಾನೂನಿನಂತೆ ಮೀರಬಾರದ ಮಿತಿ. ಪೇಟೆಯಲ್ಲಿ ಅದೇ ದರಕ್ಕೆ ಮಾರಾಟವಾಗುತ್ತಿತ್ತೆಂಬುದಕ್ಕೆ ಅದು ಸಾಕ್ಷಿಯಲ್ಲ. ಶೇ. 50 ಮತ್ತು ಮೇಲೆ ಶೇ. 20 ಎಂಬ ಫಲಕ ಕಂಡವರು ಶೇ. 70 ಎಂದು ಭಾವಿಸುತ್ತಾರೆ. 1,000 ರೂಪಾಯಿಯ ಅರ್ಧ 500, ಅದರಲ್ಲಿ ಶೇ. 20 ಕಳೆದರೆ 400. ಎಂದರೆ ದೊರೆತದ್ದು ಶೇ. 60. ಎರಡು ಕೊಂಡರೆ ಒಂದು ಉಚಿತವೆಂಬುದು, ಮೂರೂ ಬೇಕಾಗಿದ್ದವರಿಗೆ ಮಾತ್ರ ಮೂರನೆಯ ಒಂದು ಪಾಲಿನ ರಿಯಾಯಿತಿ.

ಹಾಗಾದರೆ ಅವಳ ನಿಜವಾದ ಲೆಕ್ಕವೇನು? ಊರಿನಲ್ಲಿ 3,200ಕ್ಕೆ ಸಿಗುವುದು 2,470ಕ್ಕೆ ಸಿಕ್ಕಿತು, ಉಳಿತಾಯ 730. ಹಬ್ಬದ ಮುಂದಿನ ದಿನಗಳೇ ಹೊಲಿಗೆಗೆ ಸುಗ್ಗಿ. ಆ ದಿನ ಮನೆಯಲ್ಲಿದ್ದರೆ 150 ರೂಪಾಯಿಯಂತೆ ನಾಲ್ಕು ರವಿಕೆ, ಅಂದರೆ 600 ರೂಪಾಯಿ ದುಡಿಯುತ್ತಿದ್ದಳು. ದಾರಿಯ ಖರ್ಚು 150. ಕೂಡಿ ಕಳೆದರೆ ಇಪ್ಪತ್ತು ರೂಪಾಯಿ ನಷ್ಟ. ಬೇಡದ ಸೀರೆಯೂ ತಡವಾದ ಕನ್ನಡಕವೂ ಈ ಲೆಕ್ಕದ ಹೊರಗಿನವು.

ಹಾಗೆಂದು ರಿಯಾಯಿತಿಯೆಲ್ಲ ಮೋಸವೆನ್ನುವುದು ಅವಿವೇಕ. ಐದಾರು ಮಕ್ಕಳಿರುವ ಮನೆಗೆ, ಆ ದಿನ ದುಡಿಮೆಯ ನಷ್ಟವಿಲ್ಲದವರಿಗೆ, ಬೇಕಾದುದರ ಪಟ್ಟಿಯನ್ನೂ ಅದರ ರೂಢಿಯ ಬೆಲೆಯನ್ನೂ ತಿಳಿದು ಹೋದವರಿಗೆ ಅದು ನಿಜವಾದ ಆಸರೆ. ಆ 730 ರೂಪಾಯಿ ಸುಳ್ಳಲ್ಲ. ಹೋಗುವವರು ಮಕ್ಕಳನ್ನು ಮನೆಯಲ್ಲಿ ಬಿಟ್ಟು, ಹಬ್ಬಕ್ಕೆ ಎರಡು ವಾರ ಮೊದಲೇ, ವಾರದ ನಡುವಿನ ದಿನ ಹೋಗುವುದು ಲೇಸು. ಮಾರಿದ ವಸ್ತುವನ್ನು ಮರಳಿ ಪಡೆಯುವುದಿಲ್ಲವೆಂಬ ಫಲಕಕ್ಕೆ ಅಂಜಬೇಕಿಲ್ಲ. ದೋಷವುಳ್ಳ ವಸ್ತುವನ್ನು ಹಿಂತೆಗೆದುಕೊಳ್ಳಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅನುಚಿತ ವ್ಯಾಪಾರ. ಚೀಟಿಯನ್ನು ಮಾತ್ರ ಜೋಪಾನವಾಗಿಡಬೇಕು.

ಹೋಗುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ರಿಯಾಯಿತಿ ಇಲ್ಲದಿದ್ದರೂ ಇದನ್ನು ಕೊಳ್ಳುತ್ತಿದ್ದೆವೇ? ಹೌದೆಂದರೆ ಉಳಿತಾಯ; ಅಲ್ಲವೆಂದರೆ ಅದು ಖರ್ಚೇ.

ಮರುವರ್ಷದ ದೀಪಾವಳಿಗೆ ಆ ಸೊಸೆ ಊರಿನ ಅಂಗಡಿಯಲ್ಲಿಯೇ ಬಟ್ಟೆ ಕೊಂಡಳು. ಲೆಕ್ಕ ಬರೆದ ಹಾಳೆಯನ್ನು ಅತ್ತೆಯ ಮುಂದಿಟ್ಟಳು. ಮುದುಕಿ ಹೊಸ ಚಾಳೀಸು ಏರಿಸಿ ಬೆರಳಿಟ್ಟು ಓದಿ, "ಈ ಸಲ ಬರೋಬ್ಬರಿ ಐತಿ" ಎಂದಳು.