ಎರಿ ಮಣ್ಣಿನಾಗ ಟೆನಿಸ್ ಚೆಂಡು

ನಾವು ಆಡುವುದು ಕ್ರಿಕೆಟ್ಟೇ ಹೌದೋ ಅಲ್ಲವೋ ಎಂಬ ಅನುಮಾನ ನಮ್ಮ ನಮ್ಮ ಮನೆಗಳಲ್ಲಿ ಬಲವಾಗಿಯೇ ಇದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ನಡುವಯಸ್ಸಿನ ಗೆಳೆಯರು ರವಿವಾರ ಸರದಿ ಮೇಲೆ ಒಂದೊಂದು ಊರಲ್ಲಿ ಸೇರುತ್ತೇವೆ. ಟೆನಿಸ್ ಚೆಂಡು, ಎಂಟೆಂಟು ಓವರು, ಒಂದು ಪುಟದ ಕ್ಯಾಚೂ ಔಟು. ಸೋತವರು ಮಿರ್ಚಿ, ಗಿರಮಿಟ್ಟು, ಚಹಾದ ಬಿಲ್ಲು ಕೊಡಬೇಕು. ಕ್ರಿಕೆಟ್ಟಿಗಿಂತ ಬಿಲ್ಲಿನ ನಿಯಮಗಳೇ ನಮ್ಮಲ್ಲಿ ಕಟ್ಟುನಿಟ್ಟು.

ಈ ವ್ಯವಸ್ಥೆಯ ಶತ್ರು ಮಣ್ಣು. ಹಾನಗಲ್ಲ ಅರೆಮಲೆನಾಡು, ಅಲ್ಲಿ ಮಳೆ ಹಿಡಿದರೆ ಬಯಲಿಗೂ ಗದ್ದೆಗೂ ವ್ಯತ್ಯಾಸ ಉಳಿಯುವುದಿಲ್ಲ. ಸವಣೂರಿನ ಎರಿ ಭೂಮಿಯದು ಇನ್ನೊಂದು ಬಗೆ. ಬೇಸಿಗೆಯಲ್ಲಿ ಅದು ಅಂಗೈ ಅಗಲ ಬಾಯಿ ಬಿಡುತ್ತದೆ, ಬೌಂಡರಿಗೆ ಹೊರಟ ಚೆಂಡು ಬಿರುಕಿನೊಳಗೆ ಇಳಿದು ಕೂತುಬಿಡುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ನೀರು ಕುಡಿದು ಉಬ್ಬಿ, ಓಡುವವನ ಬೂಟನ್ನು ತಾನೇ ಇಟ್ಟುಕೊಳ್ಳುತ್ತದೆ. 2023ರ ಜುಲೈ ಮಳೆಯಲ್ಲಿ ಸವಣೂರಿನ ದೊಡ್ಡಹುಣಸೆ ಕಲ್ಮಠದ ಮೂರು ದೈತ್ಯ ಮರಗಳಲ್ಲಿ ಒಂದು ಬುಡಸಮೇತ ಉರುಳಿಬಿತ್ತು. ಆಫ್ರಿಕಾದ ಬಾವೊಬಾಬ್ ಜಾತಿಯ, ಶತಮಾನಗಳನ್ನು ಕಂಡ ಮರ. ಅದನ್ನು ಎತ್ತಿ ಮತ್ತೆ ನೆಡಬೇಕಾಯಿತು. ಅಂಥದ್ದನ್ನೇ ನಿಲ್ಲಿಸಿಕೊಳ್ಳದ ನೆಲದಲ್ಲಿ ನಮ್ಮ ಮೂರು ಸ್ಟಂಪು ನಿಲ್ಲಲಿಲ್ಲವೆಂದು ಯಾರ ಮೇಲೆ ಸಿಟ್ಟಾಗುವುದು?

ಮೊನ್ನೆಯ ಸವಣೂರು ಮ್ಯಾಚೂ ಹಾಗೇ ಕೆಟ್ಟಿತು. ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಬಿಟ್ಟಿತ್ತು, ಬಿಸಿಲೂ ಇತ್ತು, ಆಸೆ ಹುಟ್ಟಿಸಲು ಅಷ್ಟು ಸಾಕು. ಮೊದಲ ಓವರಿನಲ್ಲೇ ಚೆಂಡು ಪಿಚ್ ಬಿದ್ದಲ್ಲಿ ಗಪ್ಪನೆ ಕೂತಿತು. ಬ್ಯಾಟ್ಸ್‌ಮನ್ ಕಾದ, ಕೀಪರ್ ಕಾದ, ಚೆಂಡು ಬರಲಿಲ್ಲ. "ಏ ಮಾಸ್ತರ, ಹೋಗಿ ಹೊಡೀರಿ ಅದನ್ನ, ಅದು ನಿಮ್ಮ ಕಡೆ ಬರೂದಿಲ್ಲ" ಎಂದ ನಮ್ಮ ಗೊಬ್ಬರದ ಅಂಗಡಿಯ ಗೆಳೆಯ. ಮಾಸ್ತರರು ನಡೆದುಹೋಗಿ ಹೊಡೆದರು. ಚೆಂಡಿಗಿಂತ ಕೆಸರು ದೂರ ಹೋಯಿತು.

ಪಾಪ, ಆ ಚೆಂಡಿನ ಜಾತಕ ನೋಡಿದರೆ ಅದಕ್ಕಾದ ಅವಮಾನ ತಿಳಿಯುತ್ತದೆ. ಟೆನಿಸ್ ಚೆಂಡು ಹುಟ್ಟಿದ್ದೇ ಮೆತ್ತನೆಯ ಹುಲ್ಲಿನ ಮೇಲೆ ಪುಟಿಯಲು. ಹಳೆಯ ಕಾಲದ ಟೆನಿಸ್ಸಿನಲ್ಲಿ ಉಣ್ಣೆ, ಕೂದಲು, ಬಟ್ಟೆ ತುರುಕಿದ ಚೆಂಡುಗಳಿದ್ದವು. ಕಲ್ಲು ನೆಲದ ಮೇಲೆ ಅವು ನಡೆಯುತ್ತಿದ್ದವು, ಹುಲ್ಲಿನ ಮೇಲೆ ಏಳುತ್ತಿರಲಿಲ್ಲ. ರಬ್ಬರು ಗೊತ್ತಿತ್ತು, ಆದರೆ ಬಿಸಿಲಿಗೆ ಅಂಟಾಗಿ ಚಳಿಗೆ ಕಲ್ಲಾಗುವ ಚಾಳಿ ಅದಕ್ಕೆ. ಗಂಧಕ ಸೇರಿಸಿ ಕಾಯಿಸಿ ಆ ಚಾಳಿ ಬಿಡಿಸುವ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ. ಅದಾಗಿ ಮೂವತ್ತು ವರ್ಷಕ್ಕೆ, 1874ರಲ್ಲಿ, ಇಂಗ್ಲೆಂಡಿನ ಮೇಜರ್ ವಿಂಗ್‌ಫೀಲ್ಡ್ ಹುಲ್ಲಂಗಳದ ಟೆನಿಸ್ಸಿಗೆ ಪೇಟೆಂಟ್ ಮಾಡಿಸಿ, ಬಲೆ, ಬ್ಯಾಟು, ಪೊಳ್ಳು ರಬ್ಬರ್ ಚೆಂಡು ಎಲ್ಲವನ್ನೂ ಪೆಟ್ಟಿಗೆಯಲ್ಲಿ ತುಂಬಿ ಮಾರಿದ. ಬರೀ ರಬ್ಬರು ಹತೋಟಿಗೆ ಸಿಗದೆಂದು ಜಾನ್ ಹೀತ್‌ಕೋಟ್ ಎಂಬ ಆಟಗಾರ ಅದಕ್ಕೆ ಬಿಳಿ ಫ್ಲಾನೆಲ್ ಬಟ್ಟೆಯ ಅಂಗಿ ಹೊಲಿಸಿ ನೋಡಿದ. ಇಂದಿನ ಜೂಲು ಹೊದಿಕೆಯ ಮೂಲ ಅದೇ. ಹಳದಿ ಬಣ್ಣ ಬಂದಿದ್ದು 1972ರಲ್ಲಿ, ಟಿವಿಯಲ್ಲಿ ಕಾಣಲೆಂದು; ವಿಂಬಲ್ಡನ್ ಮಾತ್ರ 1986ರವರೆಗೆ ಬಿಳಿಯನ್ನು ಬಿಡಲಿಲ್ಲ.

ಈಗಿನ ನಿಯಮದ ಪ್ರಕಾರ ಸಾಮಾನ್ಯ ಟೆನಿಸ್ ಚೆಂಡು 56ರಿಂದ 59.4 ಗ್ರಾಂ ತೂಗಬೇಕು. 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ 135ರಿಂದ 147 ಸೆಂಟಿಮೀಟರ್ ಮೇಲೇಳಬೇಕು. ಈ ಪರೀಕ್ಷೆಯನ್ನು ಆಷಾಢದಲ್ಲಿ ಸವಣೂರಿನಲ್ಲಿ ಮಾಡಿದರೆ ಟೆನಿಸ್ ಎಂಬ ಆಟವನ್ನೇ ರದ್ದು ಮಾಡಬೇಕಾದೀತು. ತೂಕವೂ ಉಳಿಯುವುದಿಲ್ಲ. ಜೂಲು ನೀರು ಹೀರುತ್ತದೆ, ಮಣ್ಣು ಮೆತ್ತಿಕೊಳ್ಳುತ್ತದೆ, ನಾಲ್ಕನೇ ಓವರಿಗೆ ನಮ್ಮ ಕೈಯಲ್ಲಿದ್ದದ್ದು ಚೆಂಡಲ್ಲ, ಸೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಕಟ್ಟಿದ ಕಡುಬಿನಂಥ ಒಂದು ಮುದ್ದೆ.

ನಾವು ಹುಡುಗರಿದ್ದಾಗ ಮಳೆಗಾಲಕ್ಕೆ ಈ ತಾಪತ್ರಯ ಇರಲಿಲ್ಲ. ಟೆನಿಸ್ ಚೆಂಡಿಗೆ ರೊಕ್ಕ ಯಾರ ಹತ್ತಿರ ಇತ್ತು? ಹರಕು ಅರಿವೆ ಸುತ್ತಿ ಉಂಡೆ ಮಾಡಿ, ಪಂಚರ್ ಅಂಗಡಿಯಲ್ಲಿ ಬೇಡಿ ತಂದ ಸೈಕಲ್ ಟ್ಯೂಬನ್ನು ಬಳೆ ಬಳೆಯಾಗಿ ಕತ್ತರಿಸಿ ಅದರ ಮೇಲೆ ಎಳೆದೆಳೆದು ಹಾಕುತ್ತಿದ್ದೆವು. ಬಳೆ ಹೆಚ್ಚಿದಷ್ಟೂ ಪುಟಿತ ಹೆಚ್ಚು. ಬೆನ್ನಿಗೆ ಬಿದ್ದರೆ ಬಾಸುಂಡೆ. ನೀರು ಮಾತ್ರ ಒಳಗೆ ಇಳಿಯುತ್ತಿರಲಿಲ್ಲ, ಹಳ್ಳದಲ್ಲಿ ಬಿದ್ದದ್ದನ್ನು ಚಡ್ಡಿಗೆ ಒರೆಸಿ ಮುಂದಿನ ಬಾಲ್ ಹಾಕುತ್ತಿದ್ದೆವು. ಹೀತ್‌ಕೋಟ್ ಸಾಹೇಬ ರಬ್ಬರಿನ ಮೇಲೆ ಬಟ್ಟೆ ಹೊಲಿಸಿದ. ನಾವು ಬಟ್ಟೆಯ ಮೇಲೆ ರಬ್ಬರು ಸುತ್ತಿದೆವು. ಹಾವೇರಿ ಜಿಲ್ಲೆಯ ಹವಾಮಾನಕ್ಕೆ ಯಾವುದು ಸರಿ ಎಂದು ಕೇಳಿದರೆ ನಾನು ಪಕ್ಷಪಾತಿ. ಕರಾಚಿಯ ಗಲ್ಲಿ ಹುಡುಗರೂ ನಮ್ಮ ಕಡೆಯವರೇ ಇರಬೇಕು. ಟೆನಿಸ್ ಚೆಂಡಿಗೆ ಕರೆಂಟ್ ವೈರಿನ ಟೇಪು ಸುತ್ತಿ ಒಂದು ಬೇರೆ ಆಟವನ್ನೇ ಕಟ್ಟಿದರು. ಲಾಹೋರಿನ ವಾಸಿಮ್ ಅಕ್ರಮ್ ಬೀದಿಯಲ್ಲಿ ಆಡಿ ಬೆಳೆದದ್ದೂ ಅಂಥ ಚೆಂಡಿನಲ್ಲೇ.

ಸವಣೂರಿನಲ್ಲಿ ಐದನೇ ಓವರಿಗೆ ಮಳೆ ಮತ್ತೆ ಹಿಡಿಯಿತು. ಹತ್ತಿರದ ತಗಡಿನ ಕೆಳಗೆ ಸೇರಿ ನಿಂತಾಗ ನಿಜವಾದ ಪ್ರಶ್ನೆ ಎದ್ದಿತು: ಬಿಲ್ಲು ಯಾರದು? ಬ್ಯಾಂಕಿನ ಗೆಳೆಯ ಮೊಬೈಲ್ ತೆಗೆದು ಡಕ್‌ವರ್ತ್-ಲೂಯಿಸ್ ಲೆಕ್ಕ ಹಾಕತೊಡಗಿದ. 1992ರ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ 13 ಬಾಲಿಗೆ 22 ರನ್ ಬೇಕಿದ್ದಾಗ ಮಳೆ ಬಂದು, ನಿಂತ ಮೇಲೆ ನೋಡಿದರೆ ಸಿಡ್ನಿಯ ಫಲಕ ಒಂದೇ ಬಾಲಿಗೆ 22 ಎಂದು ತೋರಿಸುತ್ತಿತ್ತು. (ಬೇಕಿದ್ದದ್ದು 21. ದುಃಖದಲ್ಲಿ ಒಂದು ರನ್ನಿನ ರಿಯಾಯಿತಿ.) ಆ ನಗೆಪಾಟಲಿನಿಂದ ಪಾರಾಗಲು ಫ್ರಾಂಕ್ ಡಕ್‌ವರ್ತ್, ಟೋನಿ ಲೂಯಿಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಕಟ್ಟಿದ ಸೂತ್ರ ಮೊದಲು ಬಳಕೆಗೆ ಬಂದದ್ದು 1997ರ ಜನವರಿ 1ರಂದು, ಹರಾರೆಯಲ್ಲಿ. ನಮ್ಮ ನಾಲ್ಕೂ ತಾಲೂಕುಗಳು ಧಾರವಾಡ ಜಿಲ್ಲೆ ಬಿಟ್ಟು ಹಾವೇರಿಗೆ ಬಂದದ್ದೂ ಅದೇ ವರ್ಷ. ಎರಡರ ಲೆಕ್ಕವೂ ಇವತ್ತಿಗೂ ಕೆಲವರಿಗೆ ಒಪ್ಪಿಗೆಯಿಲ್ಲ.

"ಸೂತ್ರದಾಗ ಎರಿ ಮಣ್ಣಿಗೆ ಎಷ್ಟು ಮಾರ್ಕ್ಸ್ ಐತಿ ಅಷ್ಟ ಹೇಳು" ಎಂದರು ಮಾಸ್ತರರು. ಮೊಬೈಲು ಒಳಗೆ ಹೋಯಿತು. ಕಡೆಗೆ ಸವಣೂರಿನವರೇ ಬಿಲ್ಲು ಕೊಡಬೇಕೆಂದು ಬಹುಮತ ಬಿತ್ತು, ಮಣ್ಣು ಅವರದೆಂಬ ಕಾರಣಕ್ಕೆ. ಅವರು ಮಿರ್ಚಿ ಕೊಡಿಸಿದರು, ಮೇಲೆ ಸವಣೂರು ಖಾರಾದ ಪೊಟ್ಟಣವನ್ನೂ ಕಟ್ಟಿಸಿದರು, ಮತ್ತು ಮುಂದಿನ ವಾರ ಹಿರೇಕೆರೂರಿನಲ್ಲಿ ಮಳೆ ಬಂದರೆ ಇದೇ ಕಾನೂನು ಎಂದು ಎಲ್ಲರಿಂದಲೂ ಹೂಂ ಅನ್ನಿಸಿಕೊಂಡರು. ಹಿರೇಕೆರೂರಿನವರು ಆಗಲೇ ಎರಡು ರೋಲು ಟೇಪು ಕೊಂಡಿದ್ದಾರಂತೆ.